ಹೊಣೆ ಹೊರುವ ಆರೈಕೆ

ಮೇಜಿನ ಮೇಲೆ ಎರಡು ಗಾಜಿನ ಲೋಟ. ಒಂದರಲ್ಲಿ ಮನೆಯ ಬೋರಿನ ನೀರು, ಇನ್ನೊಂದರಲ್ಲಿ ಮಾರಲು ತಂದ ಯಂತ್ರದ ನೀರು. ಎರಡರೊಳಗೂ ಕಬ್ಬಿಣದ ಕಡ್ಡಿ ಇಳಿಬಿಟ್ಟು ಕರೆಂಟ್ ಹಾಯಿಸುತ್ತಾರೆ. ನೋಡನೋಡುತ್ತಿದ್ದಂತೆ ಬೋರಿನ ನೀರು ಕಂದಾಗಿ, ಕಪ್ಪಾಗಿ, ಮೇಲೆ ನೊರೆ ಕಟ್ಟುತ್ತದೆ. ಯಂತ್ರದ ನೀರು ಮಾತ್ರ ತಿಳಿಯಾಗಿಯೇ ಉಳಿಯುತ್ತದೆ. ‘ನೋಡ್ರಿ, ದಿನಾ ಮಕ್ಕಳಿಗೆ ಕುಡಸೂದು ಇದನ್ನ’ ಎಂದರೆ ಸಾಕು, ಮನೆಯವರ ಮುಖ ಇಳಿಯುತ್ತದೆ. ದೇಶದ ತುಂಬ ನಡೆಯುವ ಈ ಡೆಮೊ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಪಡಸಾಲೆಗಳಿಗೂ ಹೊಸದಲ್ಲ.

ಲೋಟದಲ್ಲಿ ಕಂಡ ಕಂದು ಬಣ್ಣ ನೀರಿನ ಕೊಳೆಯಲ್ಲ, ಕಡ್ಡಿಯ ತುಕ್ಕು. ಬೋರಿನ ನೀರಿನಲ್ಲಿ ಲವಣಗಳಿವೆ, ಲವಣವಿದ್ದರೆ ವಿದ್ಯುತ್ ಹರಿಯುತ್ತದೆ, ವಿದ್ಯುತ್ ಹರಿದರೆ ಕಬ್ಬಿಣ ಕರಗಿ ಬಣ್ಣ ಬಿಡುತ್ತದೆ. ಯಂತ್ರ ಲವಣವನ್ನು ತೆಗೆದಿರುವುದರಿಂದ ಆ ಲೋಟದಲ್ಲಿ ಏನೂ ಆಗುವುದಿಲ್ಲ. ಅದಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಕರೆಂಟ್ ಕೊಟ್ಟರೆ ಅದೂ ಕಪ್ಪಾಗುತ್ತದೆ. ಈ ಎರಡನೆಯ ಪ್ರಯೋಗವನ್ನು ಮಾರುವವರು ಮಾಡಿ ತೋರಿಸುವುದಿಲ್ಲ.

ನೀರು ನಿಜಕ್ಕೂ ಒಳ್ಳೆಯದಾಗಿದ್ದರೆ ಇದನ್ನು ಇಲ್ಲಿಗೇ ಬಿಡಬಹುದಿತ್ತು. ಆದರೆ ಈ ಸೀಮೆಯ ಹಲವು ಹಳ್ಳಿಗಳ ನೀರಿನಲ್ಲಿ ನಿಜವಾದ ಕೆಡುಕಿದೆ. ರಾಯಚೂರು ಜಿಲ್ಲೆಯ ಬಹುಪಾಲು ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಕಲ್ಲು. ಅದರೊಳಗಿನ ಖನಿಜಗಳಿಂದ ಫ್ಲೋರೈಡ್ ಸ್ವಲ್ಪಸ್ವಲ್ಪವೇ ಕರಗಿ ಅಂತರ್ಜಲ ಸೇರುತ್ತದೆ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯೇ ಇಲ್ಲದಿದ್ದರೆ 1.5ರ ತನಕ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಅದು ಮೀರಿದ ಕಡೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತವೆ. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ವರ್ಷಗಟ್ಟಲೆ ಕುಡಿದವರ ಬೆನ್ನು, ಕುತ್ತಿಗೆ, ಮೊಣಕಾಲು ಬಿಗಿಯುತ್ತವೆ. ಇಂಥ ಫ್ಲೋರೋಸಿಸ್ ಭಾರತದಲ್ಲಿ ಮೊದಲು ವೈದ್ಯಕೀಯವಾಗಿ ದಾಖಲಾದದ್ದು 1937ರಲ್ಲಿ, ಆಗಿನ ನೆಲ್ಲೂರು ಜಿಲ್ಲೆಯಲ್ಲಿ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ.

ಈ ಸೀಮೆಗೆ ಈಗ ‘ಆಲ್ಕಲೈನ್ ನೀರು’ ಬಂದಿದೆ. ಲಕ್ಷಕ್ಕೂ ಮೀರಿದ ಬೆಲೆಯ ಯಂತ್ರಗಳಿವೆ, ಬೆಲೆ ಕಡಿಮೆಯ ಬಾಟಲಿಗಳೂ ಇವೆ. ಕೀಲುನೋವು, ಶುಗರ್, ಗ್ಯಾಸ್ಟ್ರಿಕ್, ಕ್ಯಾನ್ಸರ್ ಎಲ್ಲಕ್ಕೂ ಮೈಯ ಆಮ್ಲತೆಯೇ ಮೂಲ, ಕ್ಷಾರದ ನೀರು ಕುಡಿದರೆ ಎಲ್ಲ ಹೋಗುತ್ತದೆ ಎಂಬುದು ಅವುಗಳ ಹಿಂದಿನ ಮಾತು. ಕುಡಿದ ನೀರು ಮೊದಲು ಇಳಿಯುವುದು ತೀವ್ರ ಆಮ್ಲವಿರುವ ಹೊಟ್ಟೆಗೆ. ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುವಂತೆ ಶ್ವಾಸಕೋಶ ಮತ್ತು ಮೂತ್ರಪಿಂಡ ಹಗಲಿರುಳೂ ನೋಡಿಕೊಳ್ಳುತ್ತವೆ, ಬಾಟಲಿಯ ಅಪ್ಪಣೆಗೆ ಅವು ಕಾಯುವುದಿಲ್ಲ. ಇಷ್ಟನ್ನು ಶಾಲೆಯ ಪುಸ್ತಕದಿಂದಲೇ ತಿಳಿಯಬಹುದು. ನನ್ನನ್ನು ಹೆಚ್ಚು ಕಾಡುವುದು ಬೇರೆಯದು. ಫ್ಲೋರೈಡ್ ಹೆಚ್ಚಿರುವ ಅಂತರ್ಜಲ ಸಾಮಾನ್ಯವಾಗಿ ಕ್ಷಾರೀಯವೇ. ಬೈಕಾರ್ಬೊನೇಟ್ ಹೆಚ್ಚಿ, ಕ್ಯಾಲ್ಸಿಯಂ ಕಡಿಮೆಯಾಗಿ, ಪಿಎಚ್ ಏರಿದ ನೀರೇ ಕಲ್ಲಿನಿಂದ ಫ್ಲೋರೈಡನ್ನು ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಯಾವ ಗುಣ ಇಲ್ಲಿನ ನೀರನ್ನು ಕೆಡಿಸಲು ನೆರವಾಗಿದೆಯೋ ಅದೇ ಗುಣವನ್ನು ಇಲ್ಲಿಯ ಜನಕ್ಕೆ ಆರೋಗ್ಯವೆಂದು ಮಾರಲಾಗುತ್ತಿದೆ. ಮೊಣಕಾಲು ಹಿಡಿದುಕೊಂಡವರು ಸಾಲ ಮಾಡಿ ಅದನ್ನು ಕೊಳ್ಳುತ್ತಿದ್ದಾರೆ.

ಹಾಗಾದರೆ ನಿಜವಾದ ಆರೈಕೆ ಯಾವುದು, ವಿಜ್ಞಾನದ ವೇಷ ಹಾಕಿದ ಮಾರಾಟ ಯಾವುದು? ಆಸ್ಪತ್ರೆಯದು ಸರಿ, ಜವಾರಿಯದು ಸುಳ್ಳು ಎಂಬ ಉತ್ತರ ನಿಲ್ಲುವುದಿಲ್ಲ. ಹಳೆಯದು ಸರಿ, ಹೊಸದು ಮೋಸ ಎಂಬುದೂ ನಿಲ್ಲುವುದಿಲ್ಲ. ವಸ್ತುವನ್ನು ನೋಡಿ ಇದನ್ನು ಹೇಳಲಾಗುವುದಿಲ್ಲ ಎಂಬುದು ನನ್ನ ವಾದ. ನವಣೆಯನ್ನೇ ತೆಗೆದುಕೊಳ್ಳಿ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಕಣಜವಾಯಿತು. ಜೋಳದ ರೊಟ್ಟಿ ತಿನ್ನುತ್ತಿದ್ದ ಮನೆಗಳಲ್ಲಿ ಪಾಲಿಶ್ ಅಕ್ಕಿಯ ಅನ್ನ ಎರಡು ಹೊತ್ತೂ ಬೇಯತೊಡಗಿತು. ಶುಗರ್ ಇರುವವರು ಆ ಅನ್ನ ಕಡಿಮೆ ಮಾಡಿ ನವಣೆ, ಜೋಳಕ್ಕೆ ಮರಳಿದರೆ ನಾರಿನ ಅಂಶ ಹೆಚ್ಚುತ್ತದೆ, ಊಟದ ನಂತರ ಸಕ್ಕರೆ ಏರುವ ವೇಗ ತಗ್ಗಬಹುದು. ಇದು ಆರೈಕೆ. ಅದೇ ನವಣೆಯ ಚೀಲದ ಮೇಲೆ ‘ಇನ್ಸುಲಿನ್ ಬಿಡಿ, ಇದನ್ನು ತಿನ್ನಿ’ ಎಂದು ಬರೆದ ಕೂಡಲೇ ಅದು ಅಪಾಯವಾಗುತ್ತದೆ. ಕಾಳು ಬದಲಾಗಿಲ್ಲ, ಕಾಳಿಗೆ ಅಂಟಿಸಿದ ಭರವಸೆ ಬದಲಾಗಿದೆ.

ಆದ್ದರಿಂದ ಒರೆಗೆ ಹಚ್ಚಬೇಕಾದದ್ದು ಭರವಸೆಯನ್ನು. ಯಾವ ಹೇಳಿಕೆ ತಾನು ಸುಳ್ಳೆಂದು ಸಾಬೀತಾಗುವ ದಾರಿಯನ್ನೂ ತೆರೆದಿಡುತ್ತದೆಯೋ ಅದೇ ವಿಜ್ಞಾನದ ಹೇಳಿಕೆ ಎಂದು ದಾರ್ಶನಿಕ ಕಾರ್ಲ್ ಪಾಪರ್ 1934ರಲ್ಲಿ ವಾದಿಸಿದರು. ನಮ್ಮಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ನನಗೆ ಇಬ್ಬರ ಬಗೆಗೂ ಗೌರವವಿದೆ. ಆದರೆ ರೋಗಿಯ ಪಕ್ಕದಲ್ಲಿ ಕೂತಾಗ ಈ ಒರೆಗಲ್ಲಿಗೆ ಇನ್ನೊಂದು ಮುಖ ಬೇಕಾಗುತ್ತದೆ. ಸಿದ್ಧಾಂತವೊಂದು ಸೋತರೆ ಅದನ್ನು ಬಿಟ್ಟು ಬೇರೆಯದು ಹುಡುಕಬಹುದು. ಔಷಧ ಸೋತರೆ ಆ ಸೋಲು ಒಬ್ಬರ ಮೈಮೇಲೆ ಬೀಳುತ್ತದೆ. ‘ಇದು ಸುಳ್ಳಾಗಬಲ್ಲುದೇ’ ಎಂದು ಕೇಳಿ ಅಲ್ಲಿಗೇ ನಿಲ್ಲಲಾಗದು. ‘ಸುಳ್ಳಾದರೆ ಹೊಣೆ ಯಾರು ಹೊರುತ್ತಾರೆ’ ಎಂದೂ ಕೇಳಬೇಕು.

ಈ ಪ್ರಶ್ನೆ ಪಶ್ಚಿಮದಿಂದ ತಂದದ್ದಲ್ಲ. ಆಯುರ್ವೇದದ ಮೂಲಗ್ರಂಥವಾದ ಚರಕಸಂಹಿತೆಯ ಸೂತ್ರಸ್ಥಾನದ 29ನೆಯ ಅಧ್ಯಾಯ ವೈದ್ಯರನ್ನು ಎರಡು ಬಗೆಯಾಗಿ ಕಾಣುತ್ತದೆ: ಪ್ರಾಣದ ಕಡೆಯವರು ಮತ್ತು ರೋಗದ ಕಡೆಯವರು. ಎರಡನೆಯವರ ನಡವಳಿಕೆಯನ್ನು ಅದು ಚಿತ್ರಿಸುವ ರೀತಿ ಬೆರಗು ಹುಟ್ಟಿಸುತ್ತದೆ. ಅವರು ವೈದ್ಯರ ವೇಷ ಹಾಕಿ ಊರೂರು ತಿರುಗುತ್ತಾರೆ. ಯಾರಿಗಾದರೂ ಕಾಯಿಲೆಯೆಂದು ಕಿವಿಗೆ ಬಿದ್ದರೆ ಅಲ್ಲಿಗೆ ಧಾವಿಸಿ, ಕೇಳಿಸುವಂತೆ ತಮ್ಮ ಗುಣಗಾನ ಮಾಡಿಕೊಳ್ಳುತ್ತಾರೆ. ಈಗಾಗಲೇ ನೋಡುತ್ತಿರುವ ವೈದ್ಯನ ತಪ್ಪುಗಳನ್ನು ಮತ್ತೆಮತ್ತೆ ಎತ್ತಿ ಆಡುತ್ತಾರೆ. ರೋಗ ವಾಸಿಯಾಗದಿದ್ದರೆ ರೋಗಿಯನ್ನೇ ದೂರುತ್ತಾರೆ: ಅವನಿಗೆ ಸಾಧನವಿಲ್ಲ, ನೋಡಿಕೊಳ್ಳುವವರಿಲ್ಲ, ಸಂಯಮವಿಲ್ಲ ಎಂದು. ಅವನು ಸಾಯುವುದು ಖಚಿತವೆಂದು ಕಂಡಾಗ ಏನೋ ನೆಪ ಹೇಳಿ ಬೇರೆ ಊರಿಗೆ ಹೋಗಿಬಿಡುತ್ತಾರೆ. ಸುಮಾರು 2000 ವರ್ಷಗಳಷ್ಟು ಹಳೆಯ ಈ ವರ್ಣನೆಯಲ್ಲಿ ಇಂದಿಗೆ ತಿದ್ದಬೇಕಾದದ್ದು ಏನೂ ಇಲ್ಲ. ಆಯುರ್ವೇದದ ಹೆಸರು ಹೇಳಿ ಪುಡಿ ಮಾರುವವರು ಆಯುರ್ವೇದದ ಈ ಪುಟವನ್ನು ಓದಿದರೆ ಒಳ್ಳೆಯದು.

ರೋಗಿಯನ್ನೇ ದೂರುವ ಆ ಮಾತುಗಳು ಈ ಸೀಮೆಯ ಎಲ್ಲರಿಗೂ ಪರಿಚಿತ. ಪುಡಿ ತಿಂದ ಮೇಲೆ ವಾಂತಿ, ಭೇದಿ, ಮೈಯೆಲ್ಲ ತುರಿಕೆ ಶುರುವಾದರೆ ‘ಹೆದರಬ್ಯಾಡ್ರಿ, ಮೈಯಾಗಿನ ವಿಷ ಹೊರಗ ಬರಾಕತ್ತೈತಿ’ ಎನ್ನುತ್ತಾರೆ. ಮೂರು ತಿಂಗಳಾದರೂ ಗುಣವಾಗದಿದ್ದರೆ ‘ಪಥ್ಯ ಸರಿ ಮಾಡಿಲ್ಲ ನೀವು’. ಪಥ್ಯ ಸರಿಯಾಗಿಯೇ ಮಾಡಿದ್ದರೆ ‘ಕೋರ್ಸ್ ಪೂರ್ತಿ ಆಗಿಲ್ಲ’. ಕೋರ್ಸೂ ಮುಗಿದಿದ್ದರೆ ‘ನಂಬಿಕೆ ಇಟ್ಟು ತಗೊಂಡಿಲ್ಲ’. ಗುಣವಾದರೆ ಪುಡಿಯ ಮಹಿಮೆ, ಆಗದಿದ್ದರೆ ರೋಗಿಯ ತಪ್ಪು. ಈ ಲೆಕ್ಕದಲ್ಲಿ ಪುಡಿ ಎಂದೂ ಸೋಲುವುದಿಲ್ಲ. ಸೋಲುವವರು ಯಾವಾಗಲೂ ಮೊದಲೇ ಸೋತವರು. ಕಾಯಿಲೆಯ ನೋವಿಗೆ ತಪ್ಪಿತಸ್ಥ ಭಾವವೂ ಸೇರುತ್ತದೆ, ಮತ್ತು ಅದನ್ನು ಹೆಚ್ಚಾಗಿ ಹೊರುವವರು ಹೆಂಗಸರು, ಮಗುವಿನ ಜ್ವರಕ್ಕೂ ಗಂಡನ ಶುಗರಿಗೂ ತಾವೇ ಕಾರಣವೆಂದು ನಂಬಿಸಿಕೊಂಡವರು. ವೆಲ್‌ನೆಸ್ ವ್ಯಾಪಾರದಲ್ಲಿ ನನಗೆ ಅತ್ಯಂತ ಕ್ರೂರವಾಗಿ ಕಾಣುವುದು ಇದು. ಹೋದ ದುಡ್ಡಿಗಿಂತ ಇದು ದೊಡ್ಡ ನಷ್ಟ.

ಇದರ ಎದುರಿಗೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಗುಳಿಗೆಯನ್ನು ಇಡಿ. ಪುಕ್ಕಟೆ ಗುಳಿಗೆ, ಮೇಲೆ ಹೂಬಳ್ಳಿಯ ಚಿತ್ರವಿಲ್ಲ. ಕೊಡುವಾಗಲೇ ಆಕೆ ಹೇಳುತ್ತಾಳೆ: ಹೊಟ್ಟೆ ತೊಳೆಸಬಹುದು, ಮಲ ಕಪ್ಪಗಾಗುತ್ತದೆ, ಚಹಾದ ಜೊತೆ ತೆಗೆದುಕೊಳ್ಳಬೇಡ, ನಿಂಬೆಹುಳಿ ಇದ್ದರೆ ಒಳ್ಳೆಯದು, ಇಂತಿಷ್ಟು ದಿನದ ಮೇಲೆ ರಕ್ತ ಪರೀಕ್ಷೆ ಮಾಡೋಣ. ಹಿಮೋಗ್ಲೋಬಿನ್ ಏರದಿದ್ದರೆ ಗುಳಿಗೆ ತಿಂದವಳನ್ನು ಬೈದು ಮುಗಿಸುವಂತಿಲ್ಲ, ಬೇರೆ ಕಾರಣ ಹುಡುಕಬೇಕು. ತೊಂದರೆಯನ್ನು ಮೊದಲೇ ಹೇಳುವುದು, ಅಳೆಯಲು ಒಂದು ದಿನ ಗೊತ್ತುಮಾಡುವುದು, ಅಳತೆ ತಪ್ಪಿದರೆ ಮುಂದೇನೆಂದು ಯೋಚಿಸುವುದು, ಹೊಣೆ ಹೊರುವುದೆಂದರೆ ಇದೇ. ‘ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ’ ಎಂದು ಯಾರಾದರೂ ಹೇಳಿದಾಗ ನಾನು ಎಚ್ಚರಗೊಳ್ಳುವುದು ಈ ಕಾರಣಕ್ಕೆ. ಮೈಯಲ್ಲಿ ಏನನ್ನಾದರೂ ಬದಲಿಸಬಲ್ಲ ವಸ್ತು ಬೇಡದ್ದನ್ನೂ ಬದಲಿಸಬಲ್ಲದು. ಅಮೆರಿಕದ ಸಂಶೋಧಕರು ಅಂತರ್ಜಾಲದಲ್ಲಿ ಮಾರಾಟವಾಗುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಹೆಸರಿಲ್ಲದ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತದ್ದೂ ನಮ್ಮ ದೇಶದಲ್ಲಿ ಮತ್ತೆಮತ್ತೆ ಪತ್ತೆಯಾಗಿದೆ. ತಿಂದವರಿಗೆ ವಾರದೊಳಗೆ ಮೊಣಕಾಲು ಹಗುರವಾಗುತ್ತದೆ, ಹಸಿವು ಹೆಚ್ಚುತ್ತದೆ, ಮುಖ ತುಂಬಿಕೊಳ್ಳುತ್ತದೆ. ‘ಮೈ ಹಿಡೀತು’ ಎಂದು ಮನೆಯವರಿಗೆ ಸಂತೋಷ. ಒಳಗೆ ಸಕ್ಕರೆ ಏರುತ್ತಿರುತ್ತದೆ, ಮೂಳೆ ಸವೆಯುತ್ತಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಹಾಗೆಂದು ಪ್ರತಿಯೊಂದು ಆರೈಕೆಗೂ ಪ್ರಯೋಗಾಲಯದ ಚೀಟಿ ಬೇಕೆಂದು ನಾನು ಹೇಳುತ್ತಿಲ್ಲ. ಬಾಣಂತಿಯ ಬೆನ್ನಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುವ ಅಜ್ಜಿಯ ಕೈಗೆ ಯಾವ ಪುರಾವೆಯೂ ಬೇಕಿಲ್ಲ. ಭತ್ತದ ನಾಟಿಯಲ್ಲಿ ದಿನವಿಡೀ ಬಗ್ಗಿ ಬಂದವಳಿಗೆ ಒಂದು ತಾಸು ಕಾಲು ಚಾಚಿ ಕೂರಲು ಯಾರ ಅಧ್ಯಯನವೂ ಬೇಡ. ಅಲ್ಲಿ ರೋಗ ವಾಸಿಮಾಡುವ ಮಾತಿಲ್ಲ, ಸಿಗುವ ಹಾಯಿ ಅಲ್ಲಿಯೇ ಸಿಗುತ್ತದೆ, ಪಡೆದವಳೇ ಅದರ ಸಾಕ್ಷಿ. ಪುರಾವೆಯ ಪ್ರಶ್ನೆ ಏಳುವುದು ಆ ಎಣ್ಣೆ ಸವೆದ ಕೀಲನ್ನು ಮತ್ತೆ ಬೆಳೆಸುತ್ತದೆ ಎಂದು ಸೀಸೆಯ ಮೇಲೆ ಬರೆದಾಗ. ಭರವಸೆ ದೊಡ್ಡದಾದಷ್ಟೂ ಪುರಾವೆಯೂ ದೊಡ್ಡದಾಗಬೇಕು.

ಈ ವಿವೇಕದ ಒಂದು ಹಳೆಯ ರೂಪ ಇಲ್ಲಿಂದ ಹೆಚ್ಚು ದೂರದಲ್ಲಿಲ್ಲ. ಮಸ್ಕಿಯ ಬಂಡೆಯ ಶಾಸನವನ್ನು 1915ರಲ್ಲಿ ಕಂಡುಹಿಡಿದದ್ದು ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್. ದೇವಾನಾಂಪ್ರಿಯನೇ ಅಶೋಕ ಎಂದು ಆ ಶಾಸನ ಲೋಕಕ್ಕೆ ತಿಳಿಸಿತು. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಿಗುವಂಥದು ಎಂಬ ಮಾತೂ ಅದರಲ್ಲಿದೆ. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅದೇ ಅರಸನ ಹದಿನಾಲ್ಕು ದೊಡ್ಡ ಶಾಸನಗಳಿವೆ. ಅವುಗಳಲ್ಲಿ ಒಂಬತ್ತನೆಯದು ಕಾಯಿಲೆ, ಮದುವೆ, ಹೆರಿಗೆ, ಪ್ರಯಾಣದ ಹೊತ್ತಿಗೆ ಜನ ಮಾಡುವ ಮಂಗಳಾಚರಣೆಗಳ ಕುರಿತದ್ದು. ಅವನ್ನು ಮಾಡಬೇಡಿ ಎಂದು ಅಶೋಕ ಹೇಳುವುದಿಲ್ಲ. ಮಾಡಿ, ಆದರೆ ಅವುಗಳ ಫಲ ಅಲ್ಪ ಎನ್ನುತ್ತಾನೆ. ಆಳುಕಾಳುಗಳನ್ನು ಸರಿಯಾಗಿ ನಡೆಸಿಕೊಳ್ಳುವುದು, ಹಿರಿಯರನ್ನು ಗೌರವಿಸುವುದು, ಪ್ರಾಣಿಗಳ ಮೇಲೆ ಸಂಯಮ, ಇವು ನಿಜವಾದ ಮಂಗಳ ಎನ್ನುತ್ತಾನೆ. ಆ ಮಾತಿನಲ್ಲಿ ಹೆಂಗಸರ ಆಚರಣೆಗಳನ್ನು ವಿಶೇಷವಾಗಿ ಹಗುರ ಮಾಡಿದ್ದು ನನಗೆ ಒಪ್ಪಿಗೆಯಿಲ್ಲ, ಕಾಯಿಲೆಯವರ ತಲೆದಿಂಬಿನ ಬಳಿ ರಾತ್ರಿಯೆಲ್ಲ ಎಚ್ಚರವಿದ್ದವರೂ ಅವರೇ. ಆದರೆ ತಾಯತ ಕಟ್ಟುವ ಕೈಯನ್ನು ಹಿಡಿದೆಳೆಯದೆ, ತಾಯತದ ಮೇಲೆ ಎಷ್ಟು ಭಾರ ಹಾಕಬಹುದೆಂದು ತೂಗಿ ಹೇಳುವ ಆ ಬಗೆಯನ್ನು ನಾನು ಮೆಚ್ಚುತ್ತೇನೆ.

‘ನಂಬಿಕೆಯಿಂದಲೇ ಎಷ್ಟೋ ಜನ ಗುಣವಾಗುತ್ತಾರಲ್ಲ’ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಇದಕ್ಕೆ ನಾನು ಕಂಡ ಅತ್ಯಂತ ಸ್ಪಷ್ಟ ಉತ್ತರ 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಉಬ್ಬಸ ರೋಗಿಗಳ ಅಧ್ಯಯನ. ಅದೇ ರೋಗಿಗಳಿಗೆ ಬೇರೆ ಬೇರೆ ದಿನ ನಿಜವಾದ ಇನ್‌ಹೇಲರ್, ಔಷಧವಿಲ್ಲದ ಇನ್‌ಹೇಲರ್, ಹುಸಿ ಆಕ್ಯುಪಂಕ್ಚರ್ ಕೊಟ್ಟರು, ಒಮ್ಮೆ ಏನನ್ನೂ ಕೊಡಲಿಲ್ಲ. ಎಷ್ಟು ಹಾಯಾಯಿತು ಎಂದು ಕೇಳಿದಾಗ ಮೊದಲ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಉತ್ತರ ಬಂತು. ಶ್ವಾಸಕೋಶದ ಬಲವನ್ನು ಯಂತ್ರದಿಂದ ಅಳೆದಾಗ ನಿಜವಾದ ಔಷಧದಿಂದ ಸುಮಾರು ಶೇ 20ರಷ್ಟು ಏರಿಕೆ, ಉಳಿದವುಗಳಲ್ಲಿ ಶೇ 7ರಷ್ಟು, ಏನೂ ಕೊಡದಿದ್ದಾಗ ಆದಷ್ಟೇ. ಅಂದರೆ ನಂಬಿಕೆ ಕೊಟ್ಟ ನೆಮ್ಮದಿ ಸುಳ್ಳಲ್ಲ, ಆದರೆ ಆ ನೆಮ್ಮದಿಯ ಕೆಳಗೆ ಉಸಿರಿನ ದಾರಿ ಇನ್ನೂ ಕಟ್ಟಿಯೇ ಇತ್ತು. ನೆಮ್ಮದಿಯಾಯಿತೆಂದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದರೆ ಆ ರಾತ್ರಿ ಏನಾಗಬಹುದು ಎಂಬುದನ್ನು ಉಬ್ಬಸದ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಜನ ಪುಡಿಯವರ ಹತ್ತಿರ ಹೋಗುವುದು ಪುಡಿಗಾಗಿಯಷ್ಟೇ ಅಲ್ಲ, ಅವರು ಕೂರಿಸಿ ಮಾತಾಡಿಸುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಅರ್ಧ ದಿನ ನಿಂತು ಅರ್ಧ ನಿಮಿಷ ಡಾಕ್ಟರ ಮುಖ ಕಂಡವರಿಗೆ, ಖಾಸಗಿ ಕಡೆ ಬೇಕೋ ಬೇಡವೋ ತಿಳಿಯದ ಸ್ಕ್ಯಾನಿಂಗಿಗೆ ಎಮ್ಮೆ ಮಾರಿದವರಿಗೆ, ವಿಜ್ಞಾನ ಎಂಬುದು ಬೈಗುಳದಂತೆ ಕೇಳಿಸಿದರೆ ತಪ್ಪು ಅವರದಲ್ಲ. ಹೊಣೆಯ ಒರೆಗಲ್ಲನ್ನು ಆಸ್ಪತ್ರೆಗೂ ಹಚ್ಚಲೇಬೇಕು. ಅಲ್ಲಿಯೂ ‘ನೀವು ಲೇಟಾಗಿ ಬಂದ್ರಿ’ ಎಂದು ರೋಗಿಯ ಮೇಲೆ ಹೊರೆ ಹಾಕಿ ಕೈತೊಳೆದುಕೊಳ್ಳುವುದುಂಟು. ಹೊಣೆ ಹೊರುವ ಆಸ್ಪತ್ರೆಯನ್ನು ಜನ ಕೇಳಿ ಪಡೆಯಲೂ ಬೇಕು. ಏಮ್ಸ್ ಬೇಕೆಂದು ರಾಯಚೂರಿನಲ್ಲಿ 2022ರಲ್ಲಿ ಆರಂಭವಾದ ಧರಣಿ ವರ್ಷಗಟ್ಟಲೆ ನಡೆಯಿತು. ತಮ್ಮನ್ನು ತಾವು ನೋಡಿಕೊಳ್ಳುವುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಔಷಧಗಳ ಆಕ್ಷೇಪಾರ್ಹ ಜಾಹೀರಾತುಗಳ ವಿರುದ್ಧದ ಕಾಯ್ದೆ 1954ರದು. ಶುಗರ್, ಕ್ಯಾನ್ಸರ್ ಸೇರಿದಂತೆ 54 ಕಾಯಿಲೆಗಳನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು ಅದು ನಿಷೇಧಿಸುತ್ತದೆ. ಆದರೂ ಗೋಡೆಬರಹಗಳು, ವಾಟ್ಸ್‌ಆ್ಯಪ್ ವಿಡಿಯೊಗಳು ಎಲ್ಲರ ಕಣ್ಣೆದುರಿಗೇ ಇವೆ. ಮಾರುವವರು ಜಾಣರಾಗಿದ್ದಾರೆ, ಕಂಪನಿಯ ಕರಪತ್ರದಲ್ಲಿ ‘ಆರೋಗ್ಯಕ್ಕೆ ಪೂರಕ’ ಎಂದಷ್ಟೇ ಇರುತ್ತದೆ. ‘ಕಿಡ್ನಿ ಕಲ್ಲು ಕರಗಿದವು’ ಎಂಬ ಮಾತನ್ನು ನೆರೆಮನೆಯವರ ಬಾಯಿಂದ ಹೇಳಿಸುತ್ತಾರೆ. ನೆರೆಮನೆಯವರೂ ಸರಪಳಿ ವ್ಯಾಪಾರದಲ್ಲಿ ದುಡ್ಡು ಹಾಕಿದವರೇ, ಆದ್ದರಿಂದ ಕೇಸು ಹಾಕುವುದು ಯಾರ ಮೇಲೆ? ಹೊಣೆಯನ್ನು ಹೀಗೆ ಸಣ್ಣಸಣ್ಣ ಚೂರು ಮಾಡಿ ಊರಿಗೆಲ್ಲ ಹಂಚಿಬಿಟ್ಟರೆ ಕೊನೆಗೆ ಅದು ಯಾರ ಕೈಯಲ್ಲೂ ಉಳಿಯುವುದಿಲ್ಲ.

ಈ ಮಾರಾಟಕ್ಕೆ ಇನ್ನೊಂದು ಗುಣವಿದೆ, ಅದು ‘ಸಾಕು’ ಎನ್ನುವುದೇ ಇಲ್ಲ. ಒಂದು ಡಬ್ಬಿ ಮುಗಿದರೆ ಇನ್ನೊಂದು, ತೂಕ ಇಳಿದರೆ ಉಳಿಸಿಕೊಳ್ಳಲು ಮತ್ತೊಂದು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಹೇಳಲಾಗುವ ಶರಣೆ ಆಯ್ದಕ್ಕಿ ಲಕ್ಕಮ್ಮ, ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬಾ ಎಂದು ಕಳಿಸಿದ ಕಥೆ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಒಳ್ಳೆಯ ವೈದ್ಯರಲ್ಲಿಯೂ ಆ ಗುಣವಿರುತ್ತದೆ. ‘ಇನ್ನು ಗುಳಿಗೆ ಬೇಡ, ಮನೆಗೆ ಹೋಗಿ’ ಎಂದು ಅವರು ಹೇಳಬಲ್ಲರು.

ಮತ್ತೆ ನೀರಿನ ವಿಷಯ. ಅಶೋಕನ ಎರಡನೆಯ ದೊಡ್ಡ ಶಾಸನದಲ್ಲಿ ಮನುಷ್ಯರ ಚಿಕಿತ್ಸೆ, ಪ್ರಾಣಿಗಳ ಚಿಕಿತ್ಸೆ, ಔಷಧಿಯ ಗಿಡ ನೆಡುವುದು, ದಾರಿಯಲ್ಲಿ ಬಾವಿ ತೋಡಿಸುವುದು ಎಲ್ಲ ಒಟ್ಟಿಗೇ ಬರುತ್ತವೆ. ಆರೋಗ್ಯಕ್ಕೂ ಬಾವಿಗೂ ನಡುವೆ ಆ ಶಾಸನ ಗೋಡೆ ಕಟ್ಟಿಲ್ಲ. ಫ್ಲೋರೈಡಿನಿಂದ ಬಗ್ಗಿದ ಬೆನ್ನಿಗೆ ಒಬ್ಬೊಬ್ಬರೇ ಕೊಳ್ಳುವ ಯಾವ ಡಬ್ಬಿಯೂ ಪರಿಹಾರವಲ್ಲ. ಊರಿನ ನೀರಿನ ಮೂಲ ಬದಲಾಗಬೇಕು, ನದಿಯ ನೀರು ಶುದ್ಧವಾಗಿ ನಲ್ಲಿಗೆ ಬರಬೇಕು, ಶುದ್ಧ ನೀರಿನ ಘಟಕದ ಪೊರೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಕೃಷ್ಣೆಯ ಆಚೆಗಿರುವ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ ದಡ್ಡುಗಟ್ಟಿ ಮೈಮೇಲೆ ಕಪ್ಪು ಚುಕ್ಕೆ ಮೂಡಿದ್ದು ಕುಡಿಯುವ ನೀರಿನ ಆರ್ಸೆನಿಕ್‌ನಿಂದ. ಅದು ಹಚ್ಚಿಕೊಳ್ಳುವ ಕ್ರೀಮಿನಿಂದ ಹೋಗುವಂಥದಲ್ಲ. ‘ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿ’ ಎಂಬ ಘೋಷಣೆ ಕೇಳಲು ಹಿತ. ಆದರೆ ಪಂಚಾಯಿತಿಯ ಕೈಯಲ್ಲಿರುವುದನ್ನೂ ಕೂಲಿಯವಳ ಕೈಗೆ ದಾಟಿಸಿಬಿಡುವ ಶಕ್ತಿ ಅದಕ್ಕಿದೆ. ಜಲಜೀವನ ಮಿಷನ್ನಿನ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ಕಿಟ್ ಹಿಡಿದು ನೀರು ಪರೀಕ್ಷಿಸಲು ತರಬೇತಿ ಕೊಡಬೇಕೆಂದಿದೆ. ಆ ಐವರು ನಿಮ್ಮ ಊರಿನಲ್ಲಿ ಯಾರು, ಕೊನೆಯ ಪರೀಕ್ಷೆಯಲ್ಲಿ ಫ್ಲೋರೈಡ್ ಎಷ್ಟಿತ್ತು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳುವುದು ಕರೆಂಟ್ ಹಾಯಿಸಿದ ಲೋಟವನ್ನು ನೋಡಿ ಹೆದರುವುದಕ್ಕಿಂತ ದೊಡ್ಡ ಸ್ವ-ಆರೈಕೆ.

ಎಲ್ಲಕ್ಕಿಂತ ಕಠಿಣವಾದದ್ದು ವಾಸಿಯಾಗದ ಕಾಯಿಲೆ. ಸುಳ್ಳು ಭರವಸೆಯ ಮಾರುಕಟ್ಟೆ ಅತಿ ಹೆಚ್ಚು ದುಡಿಯುವುದು ಅಲ್ಲಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಿಂದ ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದು ಕಳಿಸಿದ ಮೇಲೆ ಇಲ್ಲಿಗೆ ರಾತ್ರಿ ಬಸ್ಸಿನಲ್ಲಿ ಬಂದಿಳಿದ ಕುಟುಂಬಕ್ಕೆ ಯಾರು ಏನು ಕೊಟ್ಟರೂ ಬೇಡವೆನ್ನುವ ಬಲವಿರುವುದಿಲ್ಲ. ಅಸಾಧ್ಯ ರೋಗಕ್ಕೆ ಕೈಹಾಕಿದರೆ ಹೆಸರು ಕೆಡುತ್ತದೆ ಎಂದು ಚರಕ ವೈದ್ಯನನ್ನು ಎಚ್ಚರಿಸುತ್ತಾನೆ. ಅಲ್ಲಿ ನನಗೆ ಚರಕನ ಜೊತೆ ನಿಲ್ಲಲಾಗುವುದಿಲ್ಲ. ವಾಸಿ ಮಾಡುತ್ತೇನೆಂಬ ಮಾತನ್ನು ಕೈಬಿಟ್ಟ ಮೇಲೂ ಮಾಡಲು ಬಹಳಷ್ಟಿದೆ ಎಂಬುದನ್ನು ಉಪಶಾಮಕ ಚಿಕಿತ್ಸೆ ತೋರಿಸಿಕೊಟ್ಟಿದೆ. ಕ್ಯಾನ್ಸರ್ ನೋವಿಗೆ ಬಾಯಿಂದ ಕೊಡುವ ಮಾರ್ಫಿನ್ ಅಗ್ಗದ ಔಷಧ. ಅದು ಅಗತ್ಯವಿರುವವರಿಗೆ ಸುಲಭವಾಗಿ ಸಿಗಲೆಂದೇ ಮಾದಕವಸ್ತು ಕಾಯ್ದೆಯನ್ನು 2014ರಲ್ಲಿ ಸಡಿಲಿಸಲಾಯಿತು. ಬೆಂಗಳೂರಿನ ಕರುಣಾಶ್ರಯ ಇಂಥ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತ ಬಂದಿದೆ. ಲಿಂಗಸುಗೂರು ಮತ್ತು ಸಿಂಧನೂರಿನ ತಾಲ್ಲೂಕು ಆಸ್ಪತ್ರೆಗಳಲ್ಲಿ, ಮಸ್ಕಿಯಲ್ಲಿಯೂ, ಈ ಗುಳಿಗೆ ಸದಾ ಇರಬೇಕು. ಎಷ್ಟು ಕೊಡಬೇಕೆಂದು ಬಲ್ಲ ವೈದ್ಯರಿರಬೇಕು, ವಾರಕ್ಕೊಮ್ಮೆ ಮನೆಗೇ ಬಂದು ಹುಣ್ಣು ತೊಳೆದು ‘ನಿನ್ನೆ ರಾತ್ರಿ ನಿದ್ದೆ ಬಂತಾ’ ಎಂದು ಕೇಳುವ ನರ್ಸ್ ಇರಬೇಕು.